ಮಂಗಳೂರಲ್ಲಿ ಎರಡು ದಿನ: ಮೊದಲು ಊಟದ ಹೊತ್ತು ನೋಡ್ಕೊಳ್ಳಿ

ಅತ್ತಿಗೆ, ನಿಮ್ಮ ಮೆಸೇಜ್ ಕೇಳಿದೆ. ಡಿಸೆಂಬರ್ ಕೊನೆಗೆ ಎರಡು ದಿನ, ಅಜ್ಜಿ, ಇಬ್ಬರು ಮಕ್ಕಳು, ಎಲ್ಲಿ ಹೋಗೋದು, ಎಂತ ತಿನ್ನೋದು, ಎಂತ ಉಡೋದು, ಹೋಂಸ್ಟೇಯಲ್ಲಿ ನೀರ್ ದೋಸೆ ನಾವೇ ಮಾಡಬಹುದಾ ಅಂತ ಅಲ್ವಾ? ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಕೇಳಿ.

ಮೊದಲು ರೈಲು ಟಿಕೆಟ್ ನೋಡಿ. ಮಂಗಳೂರು ಸೆಂಟ್ರಲ್ ಬೇರೆ, ಮಂಗಳೂರು ಜಂಕ್ಷನ್ ಬೇರೆ. ಜಂಕ್ಷನ್ ಇರೋದು ಊರ ಹೊರಗೆ ಪಡೀಲ್ ಹತ್ತಿರ. ಕರ್ಕೊಂಡು ಹೋಗಲು ಬರುವವರಿಗೆ ಯಾವುದು ಅಂತ ಸರಿಯಾಗಿ ಹೇಳಿ.

ಇಲ್ಲಿ ಊಟದ ಹೊತ್ತು ಹಿಡಿದು ತಿರುಗಾಟ ಹೊಂದಿಸಬೇಕು. ಬನ್ಸ್ ಅಂದ್ರೆ ಬಾಳೆಹಣ್ಣು ಹಾಕಿ ಕರಿದ ಪೂರಿ, ಬೆಳಿಗ್ಗೆ ಬಿಸಿ ಇರುವಾಗಲೇ ತಿನ್ನಬೇಕು, ತಣಿದರೆ ಗಟ್ಟಿಯಾಗಿ ಎಣ್ಣೆ ಬಾಯಿಗೆ ಹತ್ತುತ್ತದೆ. ಗೋಳಿಬಜೆ, ಅಂದ್ರೆ ಮೈದಾ ಬೋಂಡ, ಸಂಜೆ ನಾಲ್ಕರ ಮೇಲೆ. ಮೀನು ಮಧ್ಯಾಹ್ನದ ಊಟಕ್ಕೇ ಇಟ್ಕೊಳ್ಳಿ, ಬೆಳಿಗ್ಗೆ ದಕ್ಕೆಗೆ (ಮೀನುಗಾರಿಕೆ ಬಂದರಿಗೆ) ಬಂದದ್ದು ಆಗ ಸಿಗ್ತದೆ. ಅಜ್ಜಿಗೂ ಮಕ್ಕಳಿಗೂ ಕಾಣೆ ಮೀನೇ (ಲೇಡಿಫಿಶ್) ಸರಿ, ನಡುವೆ ಒಂದೇ ಮುಳ್ಳು, ಎಳೆದರೆ ಬರ್ತದೆ. ಬೂತಾಯಿ (ಸಾರ್ಡಿನ್ ಮೀನು) ರುಚಿಯೇನೋ ಹೌದು, ಆದ್ರೆ ಸಣ್ಣ ಮುಳ್ಳು ಜಾಸ್ತಿ, ಮಕ್ಕಳಿಗೆ ಬೇಡ. ಮೆನುವಿನಲ್ಲಿ ರೇಟು ಬರೆಯದಿದ್ದರೆ ಮೀನು ತೋರಿಸಲು ಹೇಳಿ, ರೇಟು ಕೇಳಿದ ಮೇಲೆಯೇ ಆರ್ಡರ್ ಕೊಡಿ. ಕಿವಿರು ಕೆಂಪಿರಬೇಕು, ಕಣ್ಣು ಉಬ್ಬಿ ಹೊಳೀತಿರಬೇಕು. ಕಣ್ಣು ಒಳಗೆ ಹೋಗಿದ್ರೆ ಬೇಡ ಅನ್ನಿ, ಸಂಕೋಚ ಮಾಡಬೇಡಿ. ಮುಂದೆ ಯಾವಾಗಾದ್ರೂ ಜೂನ್ ಜುಲೈಯಲ್ಲಿ ಬಂದ್ರೆ ನೆನಪಿಡಿ, ಜೂನ್ 1ರಿಂದ ಜುಲೈ 31ರವರೆಗೆ ಮೀನು ಹಿಡಿಯುವ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯೋದಿಲ್ಲ.

ಕೋರಿ ರೊಟ್ಟಿ ಅಂದ್ರೆ ಗರಿಗರಿ ಅಕ್ಕಿ ರೊಟ್ಟಿ, ಕೋಳಿ ಸಾರು. ತಿನ್ನುವಾಗ ಸಾರು ಒಟ್ಟಿಗೆ ಸುರಿಯಬೇಡಿ. ಎರಡು ರೊಟ್ಟಿ ಮುರಿದು ಹಾಕಿ, ಸಾರು ಬಿಟ್ಟು, ಅರ್ಧ ಮೆತ್ತಗೆ ಅರ್ಧ ಗರಿಗರಿ ಇರುವಾಗ ತಿಂದು ಮುಗಿಸಿ, ಆಮೇಲೆ ಮತ್ತೆರಡು. ಇಲ್ಲದಿದ್ರೆ ಗಂಜಿ ಆಗ್ತದೆ.

ನೀರ್ ದೋಸೆ ಖಂಡಿತ ಮಾಡಿ. ಒಂದು ಲೋಟ ದೋಸೆ ಅಕ್ಕಿ ನಾಲ್ಕೈದು ಗಂಟೆ ನೆನೆಸಿ, ತರಿ ಉಳಿಯದ ಹಾಗೆ ಅರೆಯಿರಿ. ರುಬ್ಬುವಾಗ ಹಾಕಿದ್ದೂ ಸೇರಿ ಸುಮಾರು ಎರಡೂವರೆ ಲೋಟ ನೀರು, ಉಪ್ಪು. ಹಿಟ್ಟು ತೆಳು ಹಾಲಿನ ಹಾಗಿರಬೇಕು. ಅಕ್ಕಿ ಅಡಿಗೆ ಕೂರ್ತದೆ, ಹಾಗಾಗಿ ಪ್ರತಿ ಸಲವೂ ಕದಡಿಯೇ ತೆಗೀಬೇಕು. ಇದನ್ನು ಮರೆತರೆ ಮೊದಲ ದೋಸೆ ನೀರು, ಕೊನೆಯದ್ದು ರಬ್ಬರು. ಕಾವಲಿ ಚೆನ್ನಾಗಿ ಕಾಯಬೇಕು, ಹಿಟ್ಟು ಬಿದ್ದಾಗ ಚುರ್ ಅಂದ್ರೇ ತೂತು ಬರೋದು. ಅಂಚಿನಿಂದ ಒಳಗೆ ಸುರಿಯುತ್ತಾ ಬನ್ನಿ, ಸೌಟಿನಲ್ಲಿ ಹರಡಬೇಡಿ. ಮುಚ್ಚಿ ಒಂದು ನಿಮಿಷ, ಮಗುಚೋದು ಬೇಡ. ಬಿಸಿಯಲ್ಲೇ ಒಂದರ ಮೇಲೊಂದು ಇಟ್ರೆ ಅಂಟ್ತದೆ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಆರಿಸಿ ಮಡಿಚಿ.

ಇನ್ನು ನೋಡುವ ಜಾಗಗಳ ವಿಷಯ. ಬೆಳಿಗ್ಗೆ ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್ (ಪ್ರಾರ್ಥನಾ ಮಂದಿರ). ಇಟಲಿಯ ಅಂತೋನಿಯೊ ಮೊಸ್ಕೇನಿ ಗೋಡೆ, ಚಾವಣಿ ಎಲ್ಲ ಚಿತ್ರ ಬರೆದಿದ್ದಾರೆ, ನೂರಿಪ್ಪತ್ತು ವರ್ಷ ದಾಟಿದೆ. ಅಜ್ಜಿಯನ್ನು ಬೆಂಚಿನಲ್ಲಿ ಕೂರಿಸಿ, ನಿಂತು ಮೇಲೆ ನೋಡಿದ್ರೆ ಕುತ್ತಿಗೆ ಹಿಡೀತದೆ. ಒಳಗೆ ಫೋಟೊ ಇಲ್ಲ. ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಬಿಟ್ಟು ಬರಬೇಡಿ, ಪೀಠದ ಶಾಸನ ಕ್ರಿ.ಶ. 968ರದ್ದು. ಅದರ ಮುಂದೆ ಹತ್ತು ನಿಮಿಷವಾದ್ರೂ ನಿಲ್ಲಿ.

ಸಂಜೆ ಸುಲ್ತಾನ್ ಬತ್ತೇರಿ. ಫಲ್ಗುಣಿ ಹೊಳೆಗೆ ಹಡಗು ನುಗ್ಗದ ಹಾಗೆ ಟಿಪ್ಪು ಕಟ್ಟಿಸಿದ ಕಾವಲು ಬುರುಜು ಅದು, ಸಣ್ಣದು, ಕಾಲು ಗಂಟೆ ಸಾಕು. ದೋಣಿ ಇದ್ರೆ ಅಲ್ಲಿಂದಲೇ ಹೊಳೆ ದಾಟಿ ತಣ್ಣೀರುಬಾವಿ ಬೀಚು. ಹತ್ತುವ ಮೊದಲೇ ಕೊನೆಯ ದೋಣಿ ಎಷ್ಟು ಗಂಟೆಗೆ ಕೇಳಿ, ತಪ್ಪಿದ್ರೆ ಕೂಳೂರು ಸೇತುವೆ ಸುತ್ತಿ ಬರಬೇಕು. ಡಿಸೆಂಬರಲ್ಲಿ ಆರು ದಾಟುವಾಗಲೇ ಸೂರ್ಯ ಮುಳುಗ್ತಾನೆ, ಐದಕ್ಕೆ ಅಲ್ಲಿರಿ. ಮಕ್ಕಳು ಮೊಣಕಾಲಿಗಿಂತ ಮುಂದೆ ನೀರಿಗೆ ಹೋಗಬಾರದು, ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೇ ಎಳೀತದೆ. ಉಡುಪಿ ಹತ್ತಿರದ ಮಲ್ಪೆಯ ಸೇಂಟ್ ಮೇರಿಸ್ ದ್ವೀಪವನ್ನು ಈ ಎರಡು ದಿನದಲ್ಲಿ ತುರುಕಬೇಡಿ.

ಉಡೋದಕ್ಕೆ ಹತ್ತಿ ಬಟ್ಟೆಯೇ ಇರಲಿ. ಡಿಸೆಂಬರಲ್ಲೂ ಬೆವರ್ತದೆ, ರೇಷ್ಮೆ ಮೈಗಂಟ್ತದೆ. ದಕ್ಕೆ ನೋಡಲು ಹೋಗೋದಾದ್ರೆ ರಬ್ಬರ್ ಚಪ್ಪಲಿ, ನೆಲ ಜಾರ್ತದೆ. ತಲೆಗೆ ಶಂಕರಪುರ ಮಲ್ಲಿಗೆ ಮುಡೀಬೇಕು ಅಂದ್ರಲ್ಲ, ಅದು ಮೊಳದ ಲೆಕ್ಕದಲ್ಲಿ ಅಲ್ಲ, ಚೆಂಡಿನ ಲೆಕ್ಕದಲ್ಲಿ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ರೇಟು ದಿನಾ ಬದಲಾಗ್ತದೆ, ಮದುವೆ ಸೀಸನಲ್ಲಿ ಏರ್ತದೆ. ನಿಮಗೆ, ಅಜ್ಜಿಗೆ, ದೇವರಿಗೆ ಒಂದು ಚೆಂಡು ಸಾಕು. ಬಾಳೆಲೆಯಲ್ಲೇ ಇಡಿ, ಪ್ಲಾಸ್ಟಿಕ್ಕಿಗೆ ಹಾಕಿದ್ರೆ ಬೆವತು ಕಪ್ಪಾಗ್ತದೆ.

ಸೆಂಟ್ರಲ್ಲಾ ಜಂಕ್ಷನ್ನಾ, ಟಿಕೆಟ್ ನೋಡಿ ಇವತ್ತೇ ಹಾಕಿ.