ಹ್ಯೂಸ್ಟನ್: ನ್ಯಾಯಾಧೀಶರ ಚುನಾವಣೆ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಮೆರಿಕದ ಪೌರತ್ವ ಸಿಕ್ಕ ಮೇಲೆ ಬರುವ ನವೆಂಬರ್‌ನಲ್ಲಿ ಮೊದಲ ಸಲ ಮತ ಹಾಕಲಿದ್ದೇನೆ. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಹಳೆಯ ಮಾದರಿ ಮತಪತ್ರವೊಂದನ್ನು ಮುದ್ರಿಸಿ ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಪುಟ ತಿರುಗಿಸಿದಂತೆಲ್ಲ ಸಾಲು ಸಾಲು ನ್ಯಾಯಾಧೀಶರ ಹುದ್ದೆಗಳು! ಊರಿನ ಪಂಚಾಯಿತಿ ಚುನಾವಣೆಯಲ್ಲಾದರೆ ಅಭ್ಯರ್ಥಿಯ ಮನೆತನವೇ ಗೊತ್ತಿರುತ್ತಿತ್ತು. ನ್ಯಾಯಾಧೀಶರನ್ನಂತೂ ನಾವು ಎಂದೂ ಆರಿಸಿದವರಲ್ಲ.

ಟೆಕ್ಸಾಸ್‌ನಲ್ಲಿ ಸಿವಿಲ್ ಮೇಲ್ಮನವಿಗೆ ಸುಪ್ರೀಂ ಕೋರ್ಟ್, ಕ್ರಿಮಿನಲ್‌ಗೆ ಬೇರೆಯದೇ ನ್ಯಾಯಾಲಯ. ಎರಡರಲ್ಲೂ 9 ಮಂದಿ, 6 ವರ್ಷದ ಅವಧಿ. ಇಷ್ಟು ಓದಿಕೊಂಡಿದ್ದೇನೆ. ಒಂದೇ ಗುರುತಿನಲ್ಲಿ ಇಡೀ ಪಕ್ಷಕ್ಕೆ ಮತ ಹಾಕುವ ಸೌಲಭ್ಯ 2020ರಿಂದ ಇಲ್ಲ. ಮನೆ ತೆರವಿನ ಮೊಕದ್ದಮೆ ಕೇಳುವ ಜಸ್ಟಿಸ್ ಆಫ್ ದಿ ಪೀಸ್ ಎಂಬ ಸ್ಥಳೀಯ ನ್ಯಾಯಾಧೀಶರು ಕೂಡ ಚುನಾಯಿತರೇ. ಬಾಡಿಗೆ ಮನೆಯಲ್ಲಿರುವ ನನಗೆ ಆ ಸಾಲನ್ನು ಖಾಲಿ ಬಿಡಲು ಮನಸ್ಸಿಲ್ಲ.

ಇಲ್ಲಿ ವಕೀಲರಿದ್ದರೆ ದಯವಿಟ್ಟು ತಿಳಿಸಿ: ಹೆಸರಿನ ಪಕ್ಕದ ಪಕ್ಷವನ್ನು ಬಿಟ್ಟರೆ ಇನ್ನೇನು ನೋಡಿ ತೀರ್ಮಾನಿಸಬೇಕು? ನ್ಯಾಯಾಧೀಶ ಅಭ್ಯರ್ಥಿಗಳ ಬಗ್ಗೆ ವಕೀಲರ ಸಂಘ ತನ್ನ ಸದಸ್ಯರಿಂದ ಮಾಡುವ ಅಭಿಪ್ರಾಯ ಸಂಗ್ರಹವನ್ನು ಎಷ್ಟು ನಂಬಬಹುದು? ಶಾಲಾ ಮಂಡಳಿ ಅಭ್ಯರ್ಥಿಗಳ ವಿವರ ಎಲ್ಲಿ ಸಿಗುತ್ತದೆ? ಮತಗಟ್ಟೆಯೊಳಗೆ ಮೊಬೈಲ್ ಬಳಸುವಂತಿಲ್ಲ, ಕೈಬರಹದ ಚೀಟಿ ಒಯ್ಯಬಹುದು. ಆ ಚೀಟಿಯನ್ನು ತಿಳಿದು ಬರೆದುಕೊಳ್ಳಬೇಕೆಂಬುದೇ ನನ್ನ ಆಸೆ. ಯಾರಾದರೂ ಒಂದು ಶನಿವಾರ ಜೊತೆಗೆ ಕುಳಿತು ಹೇಳಿಕೊಟ್ಟರೆ ಮನೆಗೇ ಬರುತ್ತೇನೆ.