ಅರಗಿನ ಬಣ್ಣದ ಗೊಂಬೆಗಳಿಗೆ ಎಂಥ ಪೆಟ್ಟಿಗೆ ಹೊಂದುತ್ತದೆ?

ಪ್ರಶ್ನೆ: ಬುಗುರಿಮನೆ, ಚನ್ನಪಟ್ಟಣ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರು ನಲವತ್ತು ವರ್ಷಗಳಿಂದ ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಗೊಂಬೆಗಳನ್ನು ಮಾಡುತ್ತಿದ್ದಾರೆ. ಬುಗುರಿ, ಗಿಲಕಿ, ಕಡ್ಡಿಗೆ ಒಂದರ ಮೇಲೊಂದು ಪೋಣಿಸುವ ಬಳೆಗಳು, ಪುಟ್ಟ ಅಡುಗೆ ಪಾತ್ರೆಗಳು ನಮ್ಮಲ್ಲಿ ಹೆಚ್ಚಾಗಿ ತಯಾರಾಗುತ್ತವೆ. ರಸ್ತೆ ಬದಿಯ ಅಂಗಡಿಗಳಿಗೆ ಸಗಟಾಗಿ ಕೊಡುತ್ತಿದ್ದ ಕಾಲದಲ್ಲಿ ಚೀಲಕ್ಕೆ ತುಂಬಿ ಕಳುಹಿಸಿದರೆ ನಮ್ಮ ಕೆಲಸ ಮುಗಿಯುತ್ತಿತ್ತು. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಊರನ್ನು ಹೊರಗಿನಿಂದಲೇ ಬಳಸಿ ಹೋದ ಮೇಲೆ ಆ ಅಂಗಡಿಗಳ ವ್ಯಾಪಾರ ಇಳಿಯಿತು. ಹಾಗಾಗಿ ಈಗ ನಾನೂ ನನ್ನ ಪತಿಯೂ ನೇರವಾಗಿ ಗಿರಾಕಿಗಳಿಗೆ ಮಾರಲು ಹೊರಟಿದ್ದೇವೆ.

ನಮಗೆ ಎದುರಾಗಿರುವ ತೊಂದರೆಗಳು ಎರಡು. ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಪಿನ್ನು ಹೊಡೆದ ನಮ್ಮ ಗೊಂಬೆಗಳನ್ನು ಮೇಳಗಳಲ್ಲಿ ಜನರು ಅಗ್ಗದ ಸಾಮಾನೆಂದೇ ನೋಡುತ್ತಾರೆ; 350 ರೂಪಾಯಿ ಎಂದೊಡನೆ ಕೆಳಗಿಟ್ಟು ಮುಂದೆ ನಡೆಯುತ್ತಾರೆ. ಅದಕ್ಕಿಂತ ಹೆಚ್ಚು ಮನಸ್ಸಿಗೆ ನೋವಾದದ್ದು ಕಳೆದ ಏಪ್ರಿಲ್‌ನಲ್ಲಿ ನಡೆದ ಸಂಗತಿ. ಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಹುಬ್ಬಳ್ಳಿಗೆ ಕಳುಹಿಸಿದ ಹನ್ನೆರಡು ಬುಗುರಿಗಳ ಮೈಮೇಲೆಲ್ಲ ದುಂಡು ದುಂಡಾದ ಗುರುತುಗಳು ಮೂಡಿದ್ದವು. ನೋಡಲು ಚೆನ್ನಾಗಿರುವ, ಗೊಂಬೆಯನ್ನೂ ಕಾಪಾಡುವ, ನಮ್ಮ ಕೈಗೆಟುಕುವ ಪ್ಯಾಕಿಂಗ್ ಯಾವುದೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ರಟ್ಟುಕೆಲಸ, ಮೈಸೂರು

ನಾನು ಹದಿನೈದು ವರ್ಷಗಳಿಂದ ರಟ್ಟಿನ ಪೆಟ್ಟಿಗೆಗಳನ್ನು ಮಾಡುತ್ತಿದ್ದೇನೆ. ಬುಗುರಿಗಳ ಮೇಲೆ ಮೂಡಿದ ಗುರುತಿಗೆ ಕಾರಣ ಬಣ್ಣದಲ್ಲಿಯೇ ಇದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ ಎಂಬುದು ನಿಮ್ಮ ಮಾವನವರಿಗೆ ದಿನನಿತ್ಯದ ಅನುಭವ. ಬಿಸಿಗೆ ಕರಗುವ ಆ ಗುಣ ಗೊಂಬೆ ತಯಾರಾದ ಮೇಲೂ ಹೋಗುವುದಿಲ್ಲ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಮುಚ್ಚಿದ ಲಾರಿಯೊಳಗೆ ಅರಗು ಮೆತ್ತಗಾಗುತ್ತದೆ. ಆಗ ಬಿಗಿಯಾಗಿ ಒತ್ತಿಕೊಂಡ ಪ್ಲಾಸ್ಟಿಕ್ಕಿನ ಅಚ್ಚು ಅದರ ಮೇಲೆ ಉಳಿಯುತ್ತದೆ.

ಆದ್ದರಿಂದ ಗೊಂಬೆಯ ಮೈಗೆ ಪ್ಲಾಸ್ಟಿಕ್ ನೇರವಾಗಿ ತಾಗಲೇಬಾರದು. ಮುದ್ರಣವಿಲ್ಲದ ತೆಳುವಾದ ಬಿಳಿ ಕಾಗದದಲ್ಲಿ ಸಡಿಲವಾಗಿ ಸುತ್ತಿ. ಹಳೆಯ ಪತ್ರಿಕೆ ಬೇಡ, ಅದರ ಮಸಿ ತಿಳಿಬಣ್ಣಗಳಿಗೆ ಅಂಟುತ್ತದೆ. ಪೆಟ್ಟಿಗೆಯೊಳಗೆ ಗೊಂಬೆ ಅಲುಗಾಡದಂತೆ ಹಿಡಿದಿಡುವ ಕೆಲಸವನ್ನು ರಟ್ಟಿಗೆ ಒಪ್ಪಿಸಿ: ಒಂದು ತುಂಡು ರಟ್ಟಿನಲ್ಲಿ ಬುಗುರಿಯ ಅಳತೆಗೆ ತೂತು ಕೊರೆದು ಅದರೊಳಗೆ ಕೂರಿಸಿದರೆ ಒಂದಕ್ಕೊಂದು ಬಡಿಯುವುದಿಲ್ಲ. ಗಾಳಿಯಾಡದಂತೆ ಮುಚ್ಚಿಡುವುದೂ ತಪ್ಪು. ಪೂರ್ತಿ ಒಣಗದ ಮರ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಅಂದದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಕೇದಗೆಯ ಎಲೆಯಿಂದ ಉಜ್ಜಿ ತಂದ ಹೊಳಪನ್ನು ಮೀರಿಸುವ ಚಿತ್ರವನ್ನು ಯಾರೂ ಪೆಟ್ಟಿಗೆಯ ಮೇಲೆ ಮುದ್ರಿಸಲಾರರು. ಕಂದು ಬಣ್ಣದ ಸಾದಾ ರಟ್ಟಿನ ಪೆಟ್ಟಿಗೆ ತೆಗೆದುಕೊಂಡು, ಮುಂಭಾಗದಲ್ಲಿ ಕಿಟಕಿಯಂತೆ ಕತ್ತರಿಸಿ, ಆ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸದೆ ಹಾಗೆಯೇ ಬಿಡಿ. ಹಳದಿಯೂ ಕೆಂಪೂ ಕಂದು ರಟ್ಟಿನ ನಡುವೆ ಎದ್ದು ಕಾಣುತ್ತವೆ, ಗಿರಾಕಿಯ ಬೆರಳು ಗೊಂಬೆಯ ನುಣುಪನ್ನು ಮುಟ್ಟುತ್ತದೆ. ಮುಟ್ಟಿ ನೋಡಿದವರು ಬೆಲೆಯನ್ನು ಪ್ಲಾಸ್ಟಿಕ್ ಆಟಿಕೆಯೊಡನೆ ಹೋಲಿಸುವುದು ಕಡಿಮೆ ಎಂಬುದನ್ನು ನಾನು ಅನೇಕ ಮೇಳಗಳಲ್ಲಿ ಕಂಡಿದ್ದೇನೆ.

ಉತ್ತರ: ಬೆಳ್ಳಿಎಳೆ, ಬೀದರ್

ನಮ್ಮದು ಕಪ್ಪು ಲೋಹದಲ್ಲಿ ಬೆಳ್ಳಿಯ ಎಳೆಗಳನ್ನು ಕೂರಿಸುವ ಬಿದರಿ ಕೆಲಸ, ಆದರೆ ಮೇಲಿನವರ ಮಾತು ನಮಗೂ ಅನ್ವಯಿಸುತ್ತದೆ. ಡಬ್ಬಿಯ ಮುಚ್ಚಳ ಬೀಳದಿರಲೆಂದು ಒಮ್ಮೆ ರಬ್ಬರ್ ಬ್ಯಾಂಡ್ ಹಾಕಿ ಕಳುಹಿಸಿದ್ದೆವು. ರಬ್ಬರಿನಲ್ಲಿದ್ದ ಗಂಧಕದಿಂದ ಬೆಳ್ಳಿಯ ಎಳೆಗಳ ಮೇಲೆ ಕಪ್ಪು ಗೆರೆ ಬಿದ್ದಿತ್ತು. ಈಗ ಹತ್ತಿಯ ದಾರದಿಂದ ಕಟ್ಟುತ್ತೇವೆ. ನೀವು ಹತ್ತಿಬಟ್ಟೆಯ ಚಿಕ್ಕ ಚೀಲಗಳನ್ನು ಏಕೆ ಹೊಲಿಸಬಾರದು? ಗೊಂಬೆ ಕೊಂಡವರು ಅದನ್ನು ಎಸೆಯುವುದಿಲ್ಲ, ಮಗು ಆಟ ಮುಗಿಸಿದ ಮೇಲೆ ಎಲ್ಲವನ್ನೂ ಅದರಲ್ಲಿಯೇ ತುಂಬಿಡಬಹುದು.

ಉತ್ತರ: ರಟ್ಟುಕೆಲಸ, ಮೈಸೂರು

ಅಡುಗೆ ಪಾತ್ರೆಗಳ ಜೋಡಿಗೆ ಬಟ್ಟೆಯ ಚೀಲ ಬಹಳ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಬಿಡಿ ಸಾಮಾನುಗಳು ಕಳೆದುಹೋಗುವುದಿಲ್ಲ. ಬುಗುರಿಗೆ ಮಾತ್ರ ನಾನು ಒಪ್ಪಲಾರೆ. ಚೀಲದೊಳಗೆ ಬಣ್ಣ ಮರೆಯಾದರೆ ಅಂಗಡಿಯಲ್ಲಿ ಅದನ್ನು ಯಾರೂ ಕೈಗೆತ್ತಿಕೊಳ್ಳುವುದಿಲ್ಲ.

ಉತ್ತರ: ತೂಕಅಳತೆ, ಬೆಂಗಳೂರು

ನಾನು ಕರಕುಶಲ ವಸ್ತುಗಳನ್ನು ಅಂತರ್ಜಾಲದ ಮೂಲಕ ಮಾರುತ್ತೇನೆ. ಪೆಟ್ಟಿಗೆಯ ಅಳತೆಯನ್ನು ಗೊತ್ತುಮಾಡುವ ಮೊದಲು ಕೊರಿಯರ್ ಲೆಕ್ಕವನ್ನು ಗಮನಿಸಿ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದಾಗ ಬರುವ ಕಿಲೋ ಲೆಕ್ಕವು ನಿಜವಾದ ತೂಕಕ್ಕಿಂತ ಹೆಚ್ಚಾಗಿದ್ದರೆ, ಅನೇಕ ಕೊರಿಯರ್ ಸಂಸ್ಥೆಗಳು ಅದಕ್ಕೇ ಹಣ ಪಡೆಯುತ್ತವೆ. 30, 20, 20ರ ಪೆಟ್ಟಿಗೆಯಲ್ಲಿ 400 ಗ್ರಾಂ ಗೊಂಬೆ ಇಟ್ಟರೂ ನೀವು 2.4 ಕಿಲೋಗೆ ಹಣ ತೆರಬೇಕಾಗುತ್ತದೆ; 20, 15, 10ರ ಪೆಟ್ಟಿಗೆಯಾದರೆ 0.6 ಕಿಲೋಗೆ ಮುಗಿಯುತ್ತದೆ. ಎಲ್ಲ ಗೊಂಬೆಗಳಿಗೂ ಎರಡೇ ಅಳತೆಯ ಪೆಟ್ಟಿಗೆಗಳನ್ನು ಮಾಡಿಸಿಕೊಂಡು, ಹೆಸರನ್ನು ಮುದ್ರಿಸುವ ಬದಲು ರಬ್ಬರ್ ಮೊಹರು ಒತ್ತಿದರೆ ಆರಂಭದ ಖರ್ಚು ತಗ್ಗುತ್ತದೆ. ಕಿಟಕಿಯ ಪೆಟ್ಟಿಗೆಯನ್ನು ಹಾಗೆಯೇ ಅಂಚೆಗೆ ಹಾಕಬೇಡಿ, ಹೊರಗೊಂದು ಗಟ್ಟಿ ಪೆಟ್ಟಿಗೆ ಇರಲಿ.

ಪೆಟ್ಟಿಗೆಯ ಮೇಲಿನ ಬರವಣಿಗೆಯೂ ಮುಖ್ಯ. ಮೊದಲೇ ಪ್ಯಾಕ್ ಮಾಡಿ ಮಾರುವ ವಸ್ತುಗಳ ಬಗ್ಗೆ 2011ರ ಕಾನೂನು ಮಾಪನ (ತೂಕ, ಅಳತೆಗಳ) ನಿಯಮಗಳಿವೆ; ತಯಾರಕರ ಹೆಸರು ಮತ್ತು ವಿಳಾಸ, ವಸ್ತುವಿನ ಹೆಸರು, ಎಷ್ಟು ಇವೆ ಎಂಬ ಸಂಖ್ಯೆ, ತಯಾರಿಸಿದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಸಂಪರ್ಕ ಇವೆಲ್ಲ ಇರಬೇಕು. ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಕದ, ಅಂದರೆ ಇಂಥ ಊರಿನದೇ ವಸ್ತು ಎಂದು ಗುರುತಿಸುವ ಜಿಐ ಮಾನ್ಯತೆ ಇದೆಯಾದರೂ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರು ಮಾತ್ರ ಆ ಗುರುತನ್ನು ಹಾಕಬಹುದು. ನೀವು ಇನ್ನೂ ನೋಂದಾಯಿಸಿಲ್ಲದಿದ್ದರೆ ಮೊದಲು ಆ ಕೆಲಸ ಮಾಡಿ. ಅರಿಶಿನ, ನೀಲಿ ಗಿಡದಂಥ ಸಸ್ಯಮೂಲದ ಬಣ್ಣ ಬಳಸಿದ ಗೊಂಬೆಯ ಮೇಲೆ ಮಾತ್ರ ಹಾಗೆಂದು ಬರೆಯಿರಿ. ಚಿಕ್ಕ ತುಂಡುಗಳಿರುವ ಆಟಿಕೆಯು ಮೂರು ವರ್ಷದೊಳಗಿನ ಮಕ್ಕಳಿಗೆ ತಕ್ಕದ್ದಲ್ಲ ಎಂಬುದನ್ನು ದೊಡ್ಡ ಅಕ್ಷರಗಳಲ್ಲಿ ಹಾಕಿ.

ಪ್ರಶ್ನೆ ಕೇಳಿದವರು: ಬುಗುರಿಮನೆ, ಚನ್ನಪಟ್ಟಣ

ತಮ್ಮೆಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಬುಗುರಿ ಮತ್ತು ಗಿಲಕಿಗಳಿಗೆ ತೆರೆದ ಕಿಟಕಿಯ ಪೆಟ್ಟಿಗೆಯನ್ನೂ ಅಡುಗೆ ಪಾತ್ರೆಗಳಿಗೆ ಬಟ್ಟೆಯ ಚೀಲವನ್ನೂ ಮಾಡಿಸುತ್ತೇವೆ. ನಿನ್ನೆ ಮಾವನವರಿಗೆ ಈ ಉತ್ತರಗಳನ್ನು ಓದಿ ಹೇಳಿದೆ. ಅವರು ಅರಗಿನ ಮಾತನ್ನು ಕೇಳಿ ತಲೆಯಾಡಿಸಿ, ಬೇಸಿಗೆಯಲ್ಲಿ ತಮ್ಮ ತಂದೆ ಗೊಂಬೆಗಳ ನಡುವೆ ಒಣಹುಲ್ಲು ಹಾಸಿ ಬುಟ್ಟಿಯಲ್ಲಿ ಕಳುಹಿಸುತ್ತಿದ್ದುದನ್ನು ನೆನಪಿಸಿಕೊಂಡರು. ಹೊರಗಿನ ಪೆಟ್ಟಿಗೆಯ ಖಾಲಿ ಜಾಗಕ್ಕೆ ಪ್ಲಾಸ್ಟಿಕ್ಕಿನ ಬದಲು ಚೆನ್ನಾಗಿ ಒಣಗಿಸಿದ ಭತ್ತದ ಹುಲ್ಲನ್ನು ತುಂಬಿದರೆ ಹುಳ ಬೀಳುವ ಭಯ ಉಂಟೇ ಎಂಬುದನ್ನು ರಟ್ಟುಕೆಲಸದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ರಟ್ಟುಕೆಲಸ, ಮೈಸೂರು

ಹುಳದ ಭಯ ಉಂಟು. ಹುಲ್ಲಿನ ಬದಲು ಕತ್ತರಿಸಿದ ರಟ್ಟಿನ ಸೀಳುಗಳನ್ನು ತುಂಬಿ; ನಮ್ಮ ಅಂಗಡಿಯಲ್ಲಿ ಅವು ದಿನವೂ ಉಳಿಯುತ್ತವೆ, ಪೆಟ್ಟಿಗೆ ಒಯ್ಯುವಾಗ ಒಂದು ಚೀಲದಷ್ಟು ಹಾಗೆಯೇ ಕೊಡುತ್ತೇನೆ.