ಉದ್ದ ಬೇಸ್ ಪ್ಲೇಟ್ ಹಾಕಿದ ಮೇಲೆ ಕೊನೆಯ ಎರಡು ಗುಂಡುಗಳದ್ದೇ ತಕರಾರು

ಕೇಳಿದವರು: ನನ್ನ ಗ್ಲಾಕ್ 17 ಪಿಸ್ತೂಲಿನ ಮೂರು ಮ್ಯಾಗಜಿನ್‌ಗಳಿಗೆ (ಗುಂಡು ತುಂಬುವ ಡಬ್ಬಿ) ಶೂಟಿಂಗ್ ಮ್ಯಾಚ್‌ಗೆ ಅಂತ ಉದ್ದನೆಯ ಅಲ್ಯೂಮಿನಿಯಂ ಬೇಸ್ ಪ್ಲೇಟ್, ಅಂದರೆ ತಳದ ಮುಚ್ಚಳ, ಹಾಕಿದ್ದೇನೆ. 17 ಹಿಡಿಯುತ್ತಿದ್ದದ್ದು ಈಗ 22 ಹಿಡಿಯುತ್ತದೆ. ಮೊದಲ 20 ಗುಂಡು ಬೆಣ್ಣೆಯಂತೆ ಹೋಗುತ್ತವೆ. ಆಮೇಲೆ ಶುರು. ಒಂದೋ ಗುಂಡಿನ ಮೂತಿ ಕೆಳಗೆ ಬಾಗಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಸ್ಲೈಡ್ (ಪಿಸ್ತೂಲಿನ ಹಿಂದೆ ಮುಂದೆ ಸರಿಯುವ ಮೇಲ್ಭಾಗ) ಅದನ್ನು ಎತ್ತಿಕೊಳ್ಳದೆ ಖಾಲಿ ಚೇಂಬರ್ (ನಳಿಕೆಯಲ್ಲಿ ಗುಂಡು ಕೂರುವ ಜಾಗ) ಮೇಲೆ ಮುಚ್ಚಿಕೊಳ್ಳುತ್ತದೆ. ಮೂರರಲ್ಲಿ ಎರಡು ಮ್ಯಾಗಜಿನ್ ಹೀಗೆ. ಮೂರನೆಯದಕ್ಕೆ ಏನೂ ಆಗಿಲ್ಲ, ಅದೇ ತಲೆ ಕೆಡಿಸಿದೆ. ಪ್ಲೇಟೇ ಸರಿಯಿಲ್ಲವಾ?

ಉತ್ತರ 1: ಮ್ಯಾಗಜಿನ್ ಒಳಗೆ ಗುಂಡನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗ್ ಬದಲಿಸಿದ್ದೀರಾ? ಹಳೆಯದೇ ಇದ್ದರೆ ಪ್ಲೇಟನ್ನು ಬೈಯಬೇಡಿ. ಆ ಸ್ಪ್ರಿಂಗ್ 17 ಗುಂಡಿನ ಎತ್ತರಕ್ಕೆ ಅಂತ ಮಾಡಿದ್ದು. ಕೆಳಗೆ ಜಾಗ ಜಾಸ್ತಿ ಆದಾಗ ಮೇಲೆ ಬರುವಷ್ಟರಲ್ಲಿ ಅದು ಪೂರ್ತಿ ಹಿಗ್ಗಿ ಸುಸ್ತಾಗಿರುತ್ತದೆ. ಸ್ಲೈಡ್ ಹಿಂದೆ ಹೋಗಿ ಮುಂದೆ ಬರುವ ಕ್ಷಣದೊಳಗೆ ಗುಂಡು ಮೇಲೇರಬೇಕು, ಏರುವುದಿಲ್ಲ. ಖಾಲಿ ಮ್ಯಾಗಜಿನ್‌ನ ಫಾಲೋವರನ್ನು (ಸ್ಪ್ರಿಂಗ್ ಮೇಲೆ ಕೂತು ಗುಂಡನ್ನು ಎತ್ತುವ ತುಂಡು) ಹೆಬ್ಬೆರಳಿಂದ ಒಂದು ಸಲ ಒತ್ತಿ ನೋಡಿ. ಮೊದಲ ಅರ್ಧ ಇಂಚು ಮೆತ್ತಗೆ ಹೋದರೆ ಉತ್ತರ ಸಿಕ್ಕಿತು ಅಂತಲೇ.

ಉತ್ತರ 2: ಹಾಗಂತ ಸಿಕ್ಕಾಪಟ್ಟೆ ಗಟ್ಟಿ ಸ್ಪ್ರಿಂಗ್ ಹಾಕಬೇಡಿ, ನಾನು ಹಾಕಿ ಅನುಭವಿಸಿದ್ದೇನೆ. ಸ್ಪ್ರಿಂಗಿನ ಸುರುಳಿಗಳು ಒಂದರ ಮೇಲೊಂದು ಕೂತು, ಸ್ಲೈಡ್ ಮುಚ್ಚಿದ್ದಾಗ ತುಂಬಿದ ಮ್ಯಾಗಜಿನ್ ಒಳಗೆ ಕೂರುತ್ತಲೇ ಇರಲಿಲ್ಲ. ಕೂತಿದೆ ಅಂದುಕೊಂಡೆ. ಮ್ಯಾಚ್‌ನಲ್ಲಿ ಶುರು ಮಾಡಲು ಟೈಮರ್ ಬೀಪ್ ಆಯಿತು, ಒಂದು ಗುಂಡು ಹಾರಿಸಿದೆ, ಮ್ಯಾಗಜಿನ್ ಕಾಲ ಬುಡಕ್ಕೆ ಬಿತ್ತು. ಈಗ ಒಂದು ಗುಂಡು ಕಮ್ಮಿಯೇ ತುಂಬುತ್ತೇನೆ.

ಇನ್ನೊಂದು ವಿಷಯ, ಪ್ಲೇಟಿನ ಲಾಕ್. ಮ್ಯಾಗಜಿನ್ ಬದಲಿಸುವಾಗ ಅರ್ಧ ತುಂಬಿದ್ದು ಸಿಮೆಂಟ್ ನೆಲಕ್ಕೆ ಬಿತ್ತು. ಪ್ಲೇಟ್ ಒಂದು ಕಡೆ, ಸ್ಪ್ರಿಂಗ್ ಇನ್ನೊಂದು ಕಡೆ, ಗುಂಡುಗಳು ಎಲ್ಲೆಲ್ಲೂ. ಜನ ನಕ್ಕರು, ನಾನೂ ನಕ್ಕೆ, ಏನು ಮಾಡುವುದು! ಸ್ಕ್ರೂ ಇರುವ ಪ್ಲೇಟಾದರೆ ಪ್ರತಿ ಮ್ಯಾಚ್‌ಗೆ ಮುಂಚೆ ಬಿಗಿ ನೋಡಿ.

ಉತ್ತರ 3: ಯುಎಸ್‌ಪಿಎಸ್‌ಎ (ಅಮೆರಿಕದ ಪ್ರಾಕ್ಟಿಕಲ್ ಶೂಟಿಂಗ್ ಸಂಸ್ಥೆ) ಮ್ಯಾಚ್‌ನ ಕ್ಯಾರಿ ಆಪ್ಟಿಕ್ಸ್ ವಿಭಾಗದಲ್ಲಿ ಆಡುವುದಾದರೆ ಪ್ಲೇಟ್ ಸೇರಿ ಮ್ಯಾಗಜಿನ್ ಉದ್ದ 141.25 ಮಿಲಿಮೀಟರ್ ದಾಟಬಾರದು. ಉದ್ದ ಅಳೆಯುವ ಗೇಜ್‌ನಲ್ಲಿ ಇಟ್ಟು ನೋಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಸ್ಪ್ರಿಂಗ್ ಹಳೆಯದೇ ಇತ್ತು, ಒಪ್ಪಿಕೊಂಡೆ. ಉದ್ದದ್ದು ತರಿಸಿ ಮೂರಕ್ಕೂ ಹಾಕಿದೆ. ಮ್ಯಾಗಜಿನ್ ತಳಕ್ಕೆ ಬಿಳಿ ಪೇಂಟಿನಲ್ಲಿ 1, 2, 3 ಅಂತ ಬರೆದೆ, ಯಾವುದು ಕೈಕೊಡುತ್ತದೆ ಅಂತ ಗೊತ್ತಾಗಲಿ ಅಂತ. 1 ಮತ್ತು 3 ತಲಾ 200 ಗುಂಡು ತಕರಾರಿಲ್ಲದೆ ಮುಗಿಸಿದವು. 2ನೆಯದು ಮತ್ತೆ ನಿಂತಿತು!

ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಮ್ಯಾಗಜಿನ್ ಕೊನೆಯಾಗಿ ಪ್ಲೇಟ್ ಶುರುವಾಗುವ ಜಾಗದಲ್ಲಿ ಸಣ್ಣ ಮೆಟ್ಟಿಲಿದೆ. ಉಗುರು ಆಡಿಸಿದರೆ ತಗಲುತ್ತದೆ. ಸ್ಪ್ರಿಂಗಿನ ಒಂದು ಸುರುಳಿ ಅಲ್ಲೇ ಸಿಕ್ಕಿ, ಅಲ್ಯೂಮಿನಿಯಂ ಮೇಲೆ ಹೊಳೆಯುವ ಗೀರು ಬಿದ್ದಿದೆ. ಅಂಚನ್ನು ಮರಳು ಕಾಗದದಲ್ಲಿ ಉಜ್ಜಿದ್ದೇನೆ. ಮನೆಯಲ್ಲಿ ಡಮ್ಮಿ ಗುಂಡು ಹಾಕಿ ಸ್ಲೈಡ್ ಎಳೆದರೆ ಸರಾಗವಾಗಿ ಬರುತ್ತಿವೆ, ಆದರೆ ಕೈಯಲ್ಲಿ ಎಳೆಯುವ ವೇಗವೇ ಬೇರೆ ಅಲ್ವಾ? ಭಾನುವಾರ ರೇಂಜ್‌ಗೆ ಹೋಗುತ್ತೇನೆ. ಅಲ್ಲಿವರೆಗೆ 2ನೆಯ ಮ್ಯಾಗಜಿನ್ ಪ್ರಾಕ್ಟೀಸ್ ಬ್ಯಾಗಿನಲ್ಲೇ ಇರಲಿ.

ಉತ್ತರ 1: ಹಾಗಾದರೆ ಪ್ಲೇಟನ್ನೂ ಸ್ವಲ್ಪ ಬೈಯಬಹುದಿತ್ತು. ನನ್ನ ಮಾತು ವಾಪಸ್ ತಗೊಂಡೆ.